ತಾರಸಿಯ ಮೇಲಿನ ಓಝೋನ್: ಅಳೆಯುತ್ತಾ ಕಲಿತ ಪಾಠಗಳು

ಓಝೋನ್ ಅಳೆಯುವುದು ನನ್ನ ಕಸುಬು ಅಂದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ: "ಆ ತೂತು ಮುಚ್ಚಿತಾ ಸಾರ್?" ತೂತು ಇರುವುದು ಅಂಟಾರ್ಕ್ಟಿಕಾದ ನೆತ್ತಿಯ ಮೇಲೆ. ನಾನು ಅಳೆಯುವುದು ಬೆಂಗಳೂರಿನ ಕಟ್ಟಡವೊಂದರ ತಾರಸಿಯಲ್ಲಿ, ನಾವು ನೀವು ಉಸಿರಾಡುವ ಗಾಳಿಯಲ್ಲಿರುವ ಓಝೋನನ್ನು. ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಟೀ ಕುಡಿಯುವ ಹೊತ್ತಿನಲ್ಲಿ ಹೇಳುತ್ತಾ ಬಂದಿದ್ದನ್ನೇ ಇಲ್ಲಿ ಬರೆದಿದ್ದೇನೆ. ಯಾವ ಕ್ರಮದಲ್ಲಿ ಓದಿದರೂ ಸರಿಯೆ. ಯಂತ್ರ ಮುಟ್ಟುವವರು ಮಾತ್ರ ನಾಲ್ಕನೆಯದನ್ನು ಬಿಡಬೇಡಿ.

1. ಮೇಲಿನ ಓಝೋನ್, ಕೆಳಗಿನ ಓಝೋನ್: ಎರಡರ ಖಾತೆ ಬೇರೆ

ಅಣು ಒಂದೇ, ಆಮ್ಲಜನಕದ ಮೂರು ಪರಮಾಣು. ವಾತಾವರಣದಲ್ಲಿರುವ ಓಝೋನಿನ ಸುಮಾರು ಶೇ. 90 ಭಾಗ ಸಮೋಷ್ಣ ಮಂಡಲದಲ್ಲಿದ್ದುಕೊಂಡು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ನೆಲದ ಹತ್ತಿರ ಇರುವ ಅಲ್ಪ ಭಾಗ ಶ್ವಾಸಕೋಶವನ್ನು ಕೆಣಕುತ್ತದೆ, ಎಲೆಯನ್ನು ಸುಡುತ್ತದೆ. ಮೇಲಿನದನ್ನು ಡಾಬ್ಸನ್ ಯೂನಿಟ್‌ನಲ್ಲಿ ಹೇಳುತ್ತೇವೆ. 300 ಡಾಬ್ಸನ್ ಎಂದರೆ ತಲೆಯ ಮೇಲಿರುವ ಓಝೋನನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೂ ಸೊನ್ನೆ ಡಿಗ್ರಿಗೂ ತಂದು ಹರಡಿದರೆ 3 ಮಿಲಿಮೀಟರ್ ದಪ್ಪ. ನಮ್ಮನ್ನು ಕಾಯುತ್ತಿರುವುದು ಇಷ್ಟೇ. ಕೆಳಗಿನದನ್ನು ಪಿಪಿಬಿಯಲ್ಲಿ ಹೇಳುತ್ತೇವೆ, ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಓಝೋನಿನವು ಎಷ್ಟು ಎಂದು.

"ನಗರದಲ್ಲಿ ಓಝೋನ್ ಏರಿಕೆ" ಎಂಬ ಸುದ್ದಿ ಓದಿ "ಸದ್ಯ, ಪದರ ಗಟ್ಟಿಯಾಯಿತಲ್ಲ" ಎಂದು ಖುಷಿಪಟ್ಟವರನ್ನು ನೋಡಿದ್ದೇನೆ. ತಪ್ಪು ಓದುಗರದಲ್ಲ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮ್ಮದು.

2. ಓಝೋನ್ ಯಾವ ಸೈಲೆನ್ಸರ್‌ನಿಂದಲೂ ಬರುವುದಿಲ್ಲ

ಹೊಸಬರ ತಲೆಗೆ ಹತ್ತಲು ಹೆಚ್ಚು ಹೊತ್ತು ಹಿಡಿಯುವ ವಿಷಯ ಇದು. ಹೊಗೆಯನ್ನು ಬಿಟ್ಟವರು ಯಾರೆಂದು ಬೆರಳು ತೋರಿಸಬಹುದು, ಓಝೋನನ್ನು ಹಾಗೆ ತೋರಿಸಲಾಗದು. ವಾಹನಗಳಿಂದ ಹೊರಟ ನೈಟ್ರೋಜನ್ ಡೈಆಕ್ಸೈಡನ್ನು ಬಿಸಿಲು ಒಡೆಯುತ್ತದೆ. ಬಿಡುಗಡೆಯಾದ ಒಂಟಿ ಆಮ್ಲಜನಕದ ಪರಮಾಣು ಗಾಳಿಯ ಆಮ್ಲಜನಕಕ್ಕೆ ಅಂಟಿಕೊಂಡು ಓಝೋನ್ ಆಗುತ್ತದೆ. ಪಕ್ಕದಲ್ಲೇ ಇರುವ ನೈಟ್ರಿಕ್ ಆಕ್ಸೈಡ್ ಅದನ್ನು ಮತ್ತೆ ತಿಂದುಹಾಕುತ್ತದೆ. ಇಷ್ಟೇ ನಡೆದಿದ್ದರೆ ಕೊಟ್ಟಿದ್ದಕ್ಕೂ ತೆಗೆದುಕೊಂಡಿದ್ದಕ್ಕೂ ಸರಿಹೋಗುತ್ತಿತ್ತು. ಆದರೆ ನಡುವೆ ಪೆಟ್ರೋಲ್ ಆವಿ, ಪೇಂಟಿನ ಥಿನ್ನರ್, ಸೌದೆ ಮತ್ತು ಕಸ ಸುಟ್ಟ ಹೊಗೆಯ ಹೈಡ್ರೋಕಾರ್ಬನ್‌ಗಳು ತಲೆಹಾಕುತ್ತವೆ. ಗಾಳಿಯಲ್ಲಿರುವ ಹೈಡ್ರಾಕ್ಸಿಲ್ ಎಂಬ ಕ್ಷಣಜೀವಿ ಇವುಗಳ ಮೇಲೆ ಬೀಳುತ್ತದೆ. ಅದರ ಆಯುಸ್ಸು ಒಂದು ಸೆಕೆಂಡಿನ ಆಸುಪಾಸು. ಅದರಿಂದ ಹುಟ್ಟುವ ಪೆರಾಕ್ಸಿ ರ‍್ಯಾಡಿಕಲ್‌ಗಳು ನೈಟ್ರಿಕ್ ಆಕ್ಸೈಡನ್ನು ಓಝೋನಿನ ಖರ್ಚಿಲ್ಲದೆ ಮತ್ತೆ ಡೈಆಕ್ಸೈಡ್ ಮಾಡುತ್ತವೆ. ತಿನ್ನುವವನು ಕಡಿಮೆಯಾದ, ಮಾಡುವವನು ಹೆಚ್ಚಿದ. ಓಝೋನ್ ಶೇಖರವಾಗುತ್ತಾ ಹೋಗುತ್ತದೆ.

ಇದಕ್ಕೆ ಬಿಸಿಲೂ ಬೇಕು, ಹೊತ್ತೂ ಬೇಕು, ಹಾಲು ಹೆಪ್ಪುಗಟ್ಟಿ ಮೊಸರಾಗಲು ಬೇಕಾದ ಹಾಗೆ. ಅಷ್ಟರಲ್ಲಿ ಗಾಳಿ ನಗರವನ್ನು ದಾಟಿರುತ್ತದೆ. ಹಾಗಾಗಿ ಬೆಳಗಿನ ಟ್ರಾಫಿಕ್ ಉಸಿರುಗಟ್ಟಿಸುವ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಓಝೋನ್ ಕಡಿಮೆ ಬರುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಹತ್ತಾರು ಕಿಲೋಮೀಟರ್ ಆಚೆ, ಮಧ್ಯಾಹ್ನ ಎರಡು ಮೂರು ಗಂಟೆಗೆ, ಸದ್ದಿಲ್ಲದ ಹಳ್ಳಿಯಲ್ಲಿ ಹೆಚ್ಚು ಬರುತ್ತದೆ.

ಈ ಅಡುಗೆಯನ್ನು ಮೊದಲು ಕಂಡುಹಿಡಿದಿದ್ದು ಲಾಸ್ ಏಂಜಲೀಸ್‌ನಲ್ಲಿ. ಅಲ್ಲಿ 1943ರಿಂದ ಕಣ್ಣುರಿಸುವ ಮಬ್ಬು ಕವಿಯತೊಡಗಿತ್ತು, ಟೈರುಗಳು ಬಿರುಕುಬಿಡುತ್ತಿದ್ದವು. ಕ್ಯಾಲ್ಟೆಕ್‌ನ ಆರಿ ಹಾಗನ್-ಸ್ಮಿಟ್ ಅನಾನಸ್ ಹಣ್ಣಿನ ಪರಿಮಳದ ರಸಾಯನಶಾಸ್ತ್ರ ನೋಡಿಕೊಂಡಿದ್ದವರು. ಅವರು 1950ರ ದಶಕದ ಆರಂಭದಲ್ಲಿ ವಾಹನದ ಆವಿ, ನೈಟ್ರೋಜನ್ ಆಕ್ಸೈಡ್ ಮತ್ತು ಬಿಸಿಲು ಸೇರಿದರೆ ಓಝೋನ್ ಆಗುತ್ತದೆಂದು ತೋರಿಸಿದರು. ಅವರಿಗೆ ನೆರವಾದ ಉಪಕರಣಗಳಲ್ಲಿ ಒಂದು ಬಾಗಿಸಿಟ್ಟ ರಬ್ಬರ್ ತುಂಡು. ಅದು ಎಷ್ಟು ಬೇಗ ಬಿರಿಯುತ್ತದೋ ಓಝೋನ್ ಅಷ್ಟು ಹೆಚ್ಚು. ಹಣ್ಣಿನ ಪರಿಮಳ ನೋಡುತ್ತಿದ್ದವರು ನಗರದ ಗಾಳಿಯನ್ನು ಬಿಡಿಸಿಟ್ಟರು ಎನ್ನುವುದು ನನಗೆ ಈಗಲೂ ಇಷ್ಟವಾಗುವ ಸಂಗತಿ.

3. ಒಂಟಿ ಅಂಕಿಯನ್ನು ನಂಬಬೇಡಿ

"ಇವತ್ತು ಓಝೋನ್ 45" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಿ: 45 ಏನು? ಪಿಪಿಬಿಯೋ, ಘನಮೀಟರಿಗೆ ಮೈಕ್ರೋಗ್ರಾಮೋ? ಓಝೋನಿಗೆ ಒಂದು ಪಿಪಿಬಿ ಸುಮಾರು ಎರಡು ಮೈಕ್ರೋಗ್ರಾಮಿಗೆ ಸಮ, ಆದ್ದರಿಂದ ತಪ್ಪಿದರೆ ನೇರ ದುಪ್ಪಟ್ಟು. ಎಷ್ಟು ಗಂಟೆಯ ಸರಾಸರಿ? ಭಾರತದ 2009ರ ಮಾನದಂಡದಲ್ಲಿ ಎಂಟು ಗಂಟೆಯ ಸರಾಸರಿಗೆ 100 ಮೈಕ್ರೋಗ್ರಾಂ, ಒಂದು ಗಂಟೆಗೆ 180. ಇಡೀ ದಿನದ ಸರಾಸರಿ ತೆಗೆದರೆ ರಾತ್ರಿಯ ಕಡಿಮೆ ಅಂಕಿಗಳು ಮಧ್ಯಾಹ್ನದ ಏರಿಕೆಯನ್ನು ಮುಚ್ಚಿಹಾಕುತ್ತವೆ. ಹಾಗೆ ಮುಚ್ಚಿಹೋದ ವರದಿಗಳನ್ನು ಸಾಕಷ್ಟು ಓದಿದ್ದೇನೆ.

ಜೊತೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು, ಕಾರ್ಬನ್ ಮಾನಾಕ್ಸೈಡ್, ಬಿಸಿಲು, ಗಾಳಿಯ ದಿಕ್ಕು ಇಲ್ಲದಿದ್ದರೆ ಓಝೋನಿನ ಅಂಕಿಗೆ ಅರ್ಥ ಹೇಳುವುದು ಕಷ್ಟ. 2020ರ ಲಾಕ್‌ಡೌನ್ ಇದನ್ನು ಊರಿಗೆಲ್ಲ ತೋರಿಸಿತು. ವಾಹನ ನಿಂತವು, ನೈಟ್ರೋಜನ್ ಡೈಆಕ್ಸೈಡ್ ದಢಕ್ಕನೆ ಇಳಿಯಿತು, ಜಗತ್ತಿನ ಹಲವು ನಗರಗಳಲ್ಲಿ ಓಝೋನ್ ಏರಿತು. ಕಾರಣ ಮೇಲೆ ಹೇಳಿದ್ದೇ: ತಿನ್ನುವ ನೈಟ್ರಿಕ್ ಆಕ್ಸೈಡ್ ರಸ್ತೆಗೆ ಬರಲಿಲ್ಲ. ಆ ದಿನಗಳಲ್ಲಿ "ಗಾಳಿ ಶುದ್ಧವಾದರೆ ಓಝೋನ್ ಯಾಕೆ ಏರುತ್ತೆ, ನಿಮ್ಮ ಮಿಷನ್ ಕೆಟ್ಟಿದೆಯಾ?" ಎಂದು ಫೋನ್ ಮಾಡಿದವರಿಗೆ ಪಕ್ಕದ ನೈಟ್ರೋಜನ್ ಆಕ್ಸೈಡ್‌ಗಳ ಗ್ರಾಫ್ ತೋರಿಸಿದರೆ ಸಾಕಾಗುತ್ತಿತ್ತು.

ಅಗ್ಗದ ಸೆನ್ಸರ್ ಡಬ್ಬಿಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿರುವ ವಿದ್ಯುತ್-ರಾಸಾಯನಿಕ ಓಝೋನ್ ಸೆನ್ಸರ್‌ಗಳು ನೈಟ್ರೋಜನ್ ಡೈಆಕ್ಸೈಡಿಗೂ ಓಗೊಡುತ್ತವೆ. ಆ್ಯಪ್‌ನಲ್ಲಿ ಕಾಣುವುದು ಎರಡರ ಕೂಡುಲೆಕ್ಕ ಆಗಿರಬಹುದು.

4. ಯಂತ್ರಕ್ಕಿಂತ ಮೊದಲು ಪೈಪ್ ನೋಡಿ

ಓಝೋನ್ ಅನಲೈಸರ್ ಒಳಗೆ ಒಂದು ಪಾದರಸದ ದೀಪವಿದೆ. ಅದು 253.7 ನ್ಯಾನೋಮೀಟರಿನ ನೇರಳಾತೀತ ಬೆಳಕು ಕೊಡುತ್ತದೆ. ಓಝೋನ್ ಆ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಯಂತ್ರ ಒಮ್ಮೆ ಹೊರಗಿನ ಗಾಳಿಯನ್ನು ಹಾಗೇ ನೋಡುತ್ತದೆ, ಇನ್ನೊಮ್ಮೆ ಓಝೋನನ್ನು ಕೊಲ್ಲುವ ಸ್ಕ್ರಬ್ಬರ್ ಮೂಲಕ ಹಾಯಿಸಿ ನೋಡುತ್ತದೆ. ಎರಡರ ವ್ಯತ್ಯಾಸವೇ ಉತ್ತರ. ಸರಳ, ಗಟ್ಟಿ ವಿಧಾನ. ಯಂತ್ರ ಕೆಡುವುದು ಅಪರೂಪ, ಕೆಡುವುದು ಗಾಳಿ ಅದನ್ನು ಮುಟ್ಟುವ ದಾರಿ.

ಓಝೋನ್ ಸಿಕ್ಕಿದ್ದನ್ನೆಲ್ಲ ಸುಡುವ ಅನಿಲ. ಹಿತ್ತಾಳೆಯ ಕನೆಕ್ಟರ್, ರಬ್ಬರ್ ಪೈಪ್, ಧೂಳು, ಯಾವುದು ಸಿಕ್ಕಿದರೂ ದಾರಿಯಲ್ಲೇ ಖರ್ಚಾಗುತ್ತದೆ. ಅದಕ್ಕೇ ಟೆಫ್ಲಾನ್ ಪೈಪ್, ಟೆಫ್ಲಾನ್ ಫಿಲ್ಟರ್. ಆ ಫಿಲ್ಟರ್ ಮೇಲೆ ಬೆಂಗಳೂರಿನ ಬೇಸಿಗೆಯ ಧೂಳು ಕೂತು ಬೂದುಬಣ್ಣಕ್ಕೆ ತಿರುಗಿದರೆ ಅದೂ ಒಂದು ಸಣ್ಣ ಓಝೋನ್ ಭಕ್ಷಕನೇ. ಪೈಪಿನ ಬಾಯಿಗೆ ಮಳೆ ತಡೆಯುವ ಬೋರಲು ಫನೆಲ್ ಹಾಕಿರುತ್ತೇವೆ. ಅದರ ಕೆಳಗಿನ ಬೆಚ್ಚನೆಯ ಜಾಗ ಜೇಡಗಳಿಗೆ ಅಚ್ಚುಮೆಚ್ಚು. ಒಂದು ಜೇಡದ ಗೂಡು ಕೆಲವು ಪಿಪಿಬಿಗಳನ್ನು ನುಂಗಬಲ್ಲದು, ಗ್ರಾಫ್ ಮಾತ್ರ ನುಣುಪಾಗಿ, ನಂಬುವಂತೆಯೇ ಇರುತ್ತದೆ.

ಕರಾವಳಿಯಲ್ಲಿ ತೊಂದರೆ ಇನ್ನೊಂದು ಬಗೆಯದು. ಮಂಗಳೂರಿನಂಥ ಊರಿನಲ್ಲಿ ಮಳೆಗಾಲದ ಗಾಳಿ 24 ಡಿಗ್ರಿ ಆಸುಪಾಸಿಗೇ ಇಬ್ಬನಿಗಟ್ಟುತ್ತದೆ. ಯಂತ್ರಕ್ಕೆ ತಂಪಿರಲೆಂದು ಕೋಣೆಯ ಎಸಿಯನ್ನು 20ಕ್ಕೆ ಇಟ್ಟರೆ ಗೋಡೆ ದಾಟಿ ಒಳಬಂದ ಪೈಪಿನೊಳಗೇ ನೀರಿನ ಹನಿ ಕೂರುತ್ತದೆ. ಪಂಪ್ ಅದನ್ನು ಅಳೆಯುವ ಕೊಳವೆಯತ್ತ ಎಳೆಯುತ್ತದೆ, ಅಂಕಿಗಳು ಸೊನ್ನೆಯಿಂದ ನೂರಕ್ಕೆ ಕುಣಿಯತೊಡಗುತ್ತವೆ. ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ: ಎಸಿ 27ಕ್ಕೆ ಏರಿಸಿ, ಒಳಗಿನ ಪೈಪಿಗೆ ಫೋಮ್ ಸುತ್ತಿ, ಎಸಿಯ ಗಾಳಿ ನೇರವಾಗಿ ಬಡಿಯದಂತೆ ತಿರುಗಿಸಿ.

ಪರೀಕ್ಷಿಸುವ ಕ್ರಮ ಹೀಗೆ: ಗೊತ್ತಿರುವ ಪ್ರಮಾಣದ ಓಝೋನನ್ನು ಯಂತ್ರದ ಬೆನ್ನಿಗೆ ಕೊಟ್ಟು ಓದಿ. ಆಮೇಲೆ ಅದನ್ನೇ ತಾರಸಿಯ ಮೇಲೆ ಪೈಪಿನ ಬಾಯಿಗೆ ಕೊಟ್ಟು ಓದಿ. ಎರಡೂ ಹೊಂದಬೇಕು. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡಿ ಸರ್ಟಿಫಿಕೇಟಿಗೆ ಸಹಿ ಹಾಕುತ್ತಾರೆ, ಯಾಕೆಂದರೆ ಅದಕ್ಕೆ ಏಣಿ ಹತ್ತಬೇಕಿಲ್ಲ.

5. ಗಡಿಯಾರವನ್ನು ಸೂರ್ಯನಿಗೆ ಹೊಂದಿಸಿ ನೋಡಿ

ಬೇರೆಯವರು ಕಳಿಸಿದ ಡೇಟಾ ತೆರೆದ ಕೂಡಲೇ ನಾನು ನೋಡುವುದು ದಿನದ ಶಿಖರ ಎಷ್ಟು ಗಂಟೆಗೆ ಬಂದಿದೆ ಎಂದು. ಬೆಳಿಗ್ಗೆ ಒಂಬತ್ತಕ್ಕೆ ಬಂದಿದ್ದರೆ ಅದು ಹೊಸ ರಸಾಯನಶಾಸ್ತ್ರವಲ್ಲ, ಲಾಗರ್ ಗ್ರೀನಿಚ್ ಸಮಯದಲ್ಲಿದೆ. ಐದೂವರೆ ಗಂಟೆ ಸೇರಿಸಿದರೆ ಎಲ್ಲ ಸರಿಹೋಗುತ್ತದೆ.

6. ವಿಚಿತ್ರ ಅಂಕಿಗೆ ಗುರುತು ಹಾಕಿ, ಗುರುತು ಹಾಕಿದ್ದನ್ನು ಮತ್ತೆ ನೋಡಿ

1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳ ಲೇಖನ ಬಂತು. ಅಂಟಾರ್ಕ್ಟಿಕಾದ ಹ್ಯಾಲಿ ಕೇಂದ್ರದಲ್ಲಿ ಅಕ್ಟೋಬರ್ ತಿಂಗಳ ಓಝೋನ್ ಹಿಂದೆ 300 ಡಾಬ್ಸನ್ ಸುತ್ತಮುತ್ತ ಇದ್ದದ್ದು 1984ರ ಹೊತ್ತಿಗೆ 200ಕ್ಕೂ ಕೆಳಗಿಳಿದಿತ್ತು. ಉಪಗ್ರಹವೇ ಮೇಲಿರುವಾಗ ನೆಲದ ಮೇಲಿನ ಹಳೆಯ ಡಾಬ್ಸನ್ ಯಂತ್ರ ಇದನ್ನು ಮೊದಲು ಹೇಗೆ ಸಾರಿತು?

"ನಾಸಾದ ಕಂಪ್ಯೂಟರ್ ಆ ಅಂಕಿಗಳನ್ನು ಅಳಿಸಿಹಾಕಿತ್ತು" ಎಂಬ ಕತೆಯನ್ನು ಪಾಠ ಮಾಡುವವರು ಇವತ್ತಿಗೂ ಹೇಳುತ್ತಾರೆ. ಕತೆ ಚೆನ್ನಾಗಿದೆ, ನಿಜವಲ್ಲ. ನಿಂಬಸ್-7 ಉಪಗ್ರಹದ ಟಾಮ್ಸ್ ಉಪಕರಣದ ಸಾಫ್ಟ್‌ವೇರ್ 180 ಡಾಬ್ಸನ್‌ಗಿಂತ ಕಡಿಮೆ ಬಂದಿದ್ದಕ್ಕೆ 'ಅನುಮಾನಾಸ್ಪದ' ಎಂದು ಗುರುತು ಹಾಕುತ್ತಿತ್ತು, ಅಷ್ಟೇ. 1984ರಲ್ಲಿ ಅಂಥ ಗುರುತುಗಳು ಅಂಟಾರ್ಕ್ಟಿಕಾದ ಮೇಲೆ ರಾಶಿ ಬಿದ್ದಿದ್ದು ತಂಡದ ಕಣ್ಣಿಗೆ ಬಿತ್ತು. ತಾಳೆ ನೋಡಲು ದಕ್ಷಿಣ ಧ್ರುವ ಕೇಂದ್ರದ ಅಂಕಿ ತೆಗೆದರೆ ಅದು 300 ಎನ್ನುತ್ತಿತ್ತು. ಆಮೇಲೆ ತಿಳಿಯಿತು, ತಪ್ಪಿದ್ದದ್ದು ಆ ನೆಲದ ಅಂಕಿ. ನಾಸಾದ ಭಾರತೀಯ ಮೂಲದ ವಿಜ್ಞಾನಿ ಪಿ. ಕೆ. ಭಾರ್ತಿಯಾ 1985ರ ಆಗಸ್ಟ್‌ನಲ್ಲಿ ಪ್ರಾಗ್ ಸಮ್ಮೇಳನದಲ್ಲಿ ಉಪಗ್ರಹ ಕಂಡ ತೂತಿನ ವಿಸ್ತಾರವನ್ನು ಮುಂದಿಟ್ಟರು. ಅದಕ್ಕೂ ಮುಂಚೆ, 1984ರಲ್ಲಿ, ಜಪಾನಿನ ಶಿಗೆರು ಚುಬಾಚಿ ಸ್ಯೋವಾ ಕೇಂದ್ರದ ಅಸಹಜ ಇಳಿಕೆಯನ್ನು ವರದಿ ಮಾಡಿದ್ದರು, ಹೆಚ್ಚಿನವರು ಗಮನಿಸಲಿಲ್ಲ.

ನನ್ನ ಲ್ಯಾಬಿನಲ್ಲಿ ಇದರಿಂದ ಬಂದ ನಿಯಮ: ಯಾವ ಅಂಕಿಯನ್ನೂ ಅಳಿಸುವಂತಿಲ್ಲ. ಗುರುತು ಹಾಕಿ, ಕಾರಣ ಬರೆಯಿರಿ. ತಿಂಗಳಿಗೊಮ್ಮೆ ಗುರುತು ಬಿದ್ದವುಗಳ ಪಟ್ಟಿಯನ್ನಷ್ಟೇ ಪ್ರಿಂಟ್ ತೆಗೆದು ಟೇಬಲ್ ಮೇಲಿಡಿ. ಒಬ್ಬರೇ ನೋಡಬೇಡಿ, ಇಬ್ಬರು ಕೂತು ನೋಡಿ.

7. ಕಚ್ಚಾ ಡೇಟಾ ಎಸೆಯಬೇಡಿ, ಅಳತೆಗೋಲೂ ಬದಲಾಗುತ್ತದೆ

ಓಝೋನ್ ಅಣು ಆ 253.7 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ಸಂಖ್ಯೆಯ ಮೇಲೆ ಜಗತ್ತಿನ ಓಝೋನ್ ಯಂತ್ರಗಳೆಲ್ಲ ನಿಂತಿವೆ. 1961ರಲ್ಲಿ ಹರ್ನ್ ಎಂಬವರು ಅಳೆದ ಬೆಲೆಯೇ ದಶಕಗಳ ಕಾಲ ನಡೆಯಿತು. ಮತ್ತೆ ಮತ್ತೆ ಅಳೆದು, ಲೆಕ್ಕಹಾಕಿ, ಅದು ಶೇ. 1.2ರಷ್ಟು ಹೆಚ್ಚಿತ್ತು ಎಂದು ಅಳತೆಶಾಸ್ತ್ರಜ್ಞರು ಒಮ್ಮತಕ್ಕೆ ಬಂದಿದ್ದಾರೆ. ಹೊಸ ಬೆಲೆ ಬಳಸಿದರೆ ಗಾಳಿ ಬದಲಾಗದಿದ್ದರೂ ಓಝೋನ್ ಅಷ್ಟರಮಟ್ಟಿಗೆ ಏರಿದಂತೆ ಕಾಣುತ್ತದೆ. ಹತ್ತು ವರ್ಷದ ಏರಿಕೆಯೇ ಒಂದೆರಡು ಪಿಪಿಬಿ ಇರುವಾಗ ಇದು ಸಣ್ಣದಲ್ಲ. ಯಾವ ದಿನದಿಂದ ಯಾವ ಬೆಲೆ ಬಳಸಿದಿರಿ ಎಂದು ಫೈಲಿನ ತಲೆಯಲ್ಲೇ ಬರೆದಿಡಿ. ಮುಂದೆ ಬರುವವರು ನಿಮ್ಮನ್ನು ಬೈಯದಿರಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

8. ಮರಗಳನ್ನೂ ಲೆಕ್ಕಕ್ಕೆ ಸೇರಿಸಿ

ಕೆಲವು ಮರಗಳು ಬಿಸಿಲಿನಲ್ಲಿ ಐಸೋಪ್ರೀನ್ ಎಂಬ ಹೈಡ್ರೋಕಾರ್ಬನ್ ಬಿಡುತ್ತವೆ. ನಮ್ಮಲ್ಲಿ ಎಲ್ಲೆಂದರಲ್ಲಿ ನೆಟ್ಟ ನೀಲಗಿರಿ ಅವುಗಳಲ್ಲಿ ಮುಂದು. 1988ರಲ್ಲಿ ವಿಲಿಯಂ ಕಮೈಡಿಸ್ ಮತ್ತು ಸಂಗಡಿಗರು ಅಮೆರಿಕದ ಅಟ್ಲಾಂಟಾ ನಗರದ ಲೆಕ್ಕ ಹಾಕಿ, ಮರಗಳ ಪಾಲನ್ನು ಬಿಟ್ಟು ವಾಹನದ ಹೈಡ್ರೋಕಾರ್ಬನ್ನನ್ನು ಮಾತ್ರ ತಗ್ಗಿಸಿದರೆ ಓಝೋನ್ ನಿರೀಕ್ಷಿಸಿದಷ್ಟು ಇಳಿಯದು ಎಂದು ತೋರಿಸಿದರು. ಅಂಥ ಕಡೆ ಹಿಡಿಯಬೇಕಾದದ್ದು ನೈಟ್ರೋಜನ್ ಆಕ್ಸೈಡನ್ನು. ಇದನ್ನು ಕೇಳಿ ಮರ ಕಡಿಯಲು ನೆಪ ಹುಡುಕುವವರಿದ್ದಾರೆ. ವಾಹನದ ನೈಟ್ರೋಜನ್ ಆಕ್ಸೈಡ್ ಇಲ್ಲದೆ ಐಸೋಪ್ರೀನ್ ಒಂದೇ ಓಝೋನ್ ಕಟ್ಟಲಾರದು ಎಂದು ಅವರಿಗೆ ಹೇಳಿ ಕಳಿಸಿ.

9. ಓಝೋನ್ ಬಿಡುವ ಏರ್ ಪ್ಯೂರಿಫೈಯರ್ ಕೊಳ್ಳಬೇಡಿ

"ಮಳೆ ಬಂದ ಮೇಲಿನ ತಾಜಾ ಗಾಳಿ" ಎಂದು ಜಾಹೀರಾತು ಬರುತ್ತದೆ. ಕ್ರಿಮಿಯನ್ನು ಕೊಲ್ಲುವಷ್ಟು ಓಝೋನ್ ಇರುವ ಕೋಣೆಯಲ್ಲಿ ಮನುಷ್ಯ ಇರಬಾರದು, ಮನುಷ್ಯ ಇರಬಹುದಾದ ಕೋಣೆಯಲ್ಲಿರುವ ಓಝೋನ್ ಕ್ರಿಮಿಯನ್ನು ಕೊಲ್ಲಲು ಸಾಲದು. 50 ಪಿಪಿಬಿಗಿಂತ ಹೆಚ್ಚು ಓಝೋನ್ ಬಿಡುವ ಮನೆಬಳಕೆಯ ಏರ್ ಪ್ಯೂರಿಫೈಯರ್‌ಗಳ ಮಾರಾಟಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಅವಕಾಶವಿಲ್ಲ. ನಮ್ಮಲ್ಲೂ ಅಂಥ ನಿಯಮ ಬರಬೇಕು.

10. ಬೇಸರದ ಅಳತೆಗೂ ದುಡ್ಡು ಕೇಳಿ, ನಾಚಿಕೆ ಬೇಡ

ಹೊಸ ಪ್ರಾಜೆಕ್ಟ್ ಎಂದರೆ ಕಮಿಟಿಯವರ ಕಣ್ಣರಳುತ್ತದೆ. ಹತ್ತು ವರ್ಷದಿಂದ ಅಳೆಯುತ್ತಿರುವುದನ್ನೇ ಇನ್ನೂ ಐದು ವರ್ಷ ಅಳೆಯುತ್ತೇವೆ ಎಂದರೆ "ಇದರಲ್ಲಿ ಹೊಸದೇನಿದೆ?" ಎನ್ನುತ್ತಾರೆ. ಅವರಿಗೆ ಸಿಎಫ್‌ಸಿ-11ರ ಕತೆ ಹೇಳುತ್ತೇನೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಓಝೋನ್ ಪದರ ಕೊರೆಯುವ ಈ ಅನಿಲದ ಉತ್ಪಾದನೆ 2010ರ ಹೊತ್ತಿಗೆ ಜಗತ್ತಿನಾದ್ಯಂತ ನಿಲ್ಲಬೇಕಿತ್ತು. ಕಾಗದದ ಮೇಲೆ ನಿಂತೂ ಇತ್ತು. ಅದು ಗಾಳಿಯಲ್ಲಿ ವರ್ಷ ವರ್ಷ ಎಷ್ಟು ಇಳಿಯುತ್ತಿದೆ ಎಂದು ಅಮೆರಿಕದ ನೋವಾ ಸಂಸ್ಥೆಯವರು ಅಳೆಯುತ್ತಲೇ ಇದ್ದರು. ಇಳಿಕೆಯ ವೇಗ ತಗ್ಗಿತು. 2012ರ ನಂತರ ಎಲ್ಲೋ ಹೊಸದಾಗಿ ಹೊರಬೀಳುತ್ತಿದೆ ಎಂದು ಸ್ಟೀಫನ್ ಮಾಂಟ್ಸ್ಕಾ ತಂಡ 2018ರಲ್ಲಿ ಪ್ರಕಟಿಸಿತು. ಮರುವರ್ಷ ಕೊರಿಯಾದ ಗೋಸಾನ್, ಜಪಾನಿನ ಹಟೆರುಮಾ ಕೇಂದ್ರಗಳ ಅಂಕಿಗಳು ಪೂರ್ವ ಚೀನಾದತ್ತ ಕೈತೋರಿಸಿದವು. ಆಮೇಲೆ ಆ ಹೊರಸೂಸುವಿಕೆ ಇಳಿಯಿತು. ಸಮುದ್ರದಂಚಿನ ಕೆಲವು ಕೇಂದ್ರಗಳ ದಿನನಿತ್ಯದ ಅಳತೆ ಕಳ್ಳದಾರಿಯನ್ನು ಹಿಡಿದುಕೊಟ್ಟಿತು.

ಇನ್ನು ತೂತಿನ ಪ್ರಶ್ನೆ. ಒಪ್ಪಂದ ಹೀಗೇ ಪಾಲನೆಯಾದರೆ ಅಂಟಾರ್ಕ್ಟಿಕಾದ ಮೇಲೆ 2066ರ ಸುಮಾರಿಗೆ 1980ರ ಮಟ್ಟ ಮರಳುತ್ತದೆ ಎನ್ನುತ್ತದೆ 2022ರ ಅಂತರರಾಷ್ಟ್ರೀಯ ಮೌಲ್ಯಮಾಪನ.

11. ಯಂತ್ರವಿಲ್ಲದೆಯೂ ಶುರುಮಾಡಬಹುದು

ಭಾರತದಲ್ಲಿ ಬಲೂನಿಗೆ ಕಟ್ಟಿ ಹಾರಿಸುವ ಓಝೋನ್‌ಸೋಂಡ್ ತಯಾರಾಗಿದ್ದು 1960ರ ದಶಕದಲ್ಲಿ, ಹವಾಮಾನ ಇಲಾಖೆಯ ಅನ್ನಾ ಮಣಿ ಅವರ ಮುಂದಾಳತ್ವದಲ್ಲಿ. ಅವರು ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದವರು. ಪ್ರಬಂಧ ಸಿದ್ಧವಿದ್ದರೂ ಎಂ.ಎಸ್ಸಿ. ಇಲ್ಲವೆಂದು ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅದರಿಂದ ಅವರ ಕೆಲಸವೇನೂ ನಿಲ್ಲಲಿಲ್ಲ.

ಓಝೋನ್‌ಸೋಂಡಿನ ಒಳಗುಟ್ಟು ಪೊಟ್ಯಾಸಿಯಂ ಅಯೋಡೈಡ್ ದ್ರಾವಣ. ಓಝೋನ್ ಅದರಿಂದ ಅಯೋಡಿನ್ ಬಿಡಿಸುತ್ತದೆ, ಸಣ್ಣ ವಿದ್ಯುತ್ ಹರಿಯುತ್ತದೆ. ಇದೇ ಕ್ರಿಯೆಯನ್ನು ಓಝೋನನ್ನು ಕಂಡುಹಿಡಿದ ಶೋನ್‌ಬೈನ್ 19ನೇ ಶತಮಾನದಲ್ಲೇ ಕಾಗದದ ಮೇಲೆ ಮಾಡಿ ತೋರಿಸಿದ್ದ. ಶಾಲೆಯಲ್ಲಿ ಮಾಡಿಸಿ: 100 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 5 ಗ್ರಾಂ ಕಾರ್ನ್‌ಫ್ಲೋರ್ ಹಾಕಿ, ಗಂಟಾಗದಂತೆ ಕದಡುತ್ತಾ ಗಂಜಿಯ ಹದಕ್ಕೆ ಕಾಯಿಸಿ. ಇಳಿಸಿ 1 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿ, ಆರಲು ಬಿಡಿ. ಫಿಲ್ಟರ್ ಕಾಗದಕ್ಕೆ ಬ್ರಷ್‌ನಿಂದ ತೆಳುವಾಗಿ ಬಳಿದು ಕತ್ತಲಲ್ಲಿ ಒಣಗಿಸಿ, ಪಟ್ಟಿ ಕತ್ತರಿಸಿ. ಅಳೆಯುವ ದಿನ ಪಟ್ಟಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆಮಾಡಿ, ನೇರ ಬಿಸಿಲು ತಾಗದ ನೆರಳಿನಲ್ಲಿ ಎಂಟು ಗಂಟೆ ತೂಗುಹಾಕಿ. ಆಮೇಲೆ ಮತ್ತೆ ಒದ್ದೆಮಾಡಿದರೆ ನೇರಳೆ ನೀಲಿ ಮೂಡುತ್ತದೆ. ತೇವ ಹೆಚ್ಚಿದ ದಿನ ಬಣ್ಣವೂ ಹೆಚ್ಚುತ್ತದೆ, ಆದ್ದರಿಂದ ಆರ್ದ್ರತೆಯನ್ನೂ ಬರೆದುಕೊಳ್ಳಬೇಕು. ಒಂಟಿ ಅಂಕಿಯನ್ನು ನಂಬಬಾರದೆಂಬ ಮೂರನೇ ಪಾಠ ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ.

12. ಹೊಲದಲ್ಲೂ ಅಳೆಯಿರಿ

ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಸಚಿನ್ ಘುಡೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2005ರಲ್ಲಿ ನೆಲಮಟ್ಟದ ಓಝೋನ್‌ನಿಂದ ಭಾರತ ಕಳೆದುಕೊಂಡ ಗೋಧಿ ಸುಮಾರು 35 ಲಕ್ಷ ಟನ್, ಭತ್ತ ಸುಮಾರು 21 ಲಕ್ಷ ಟನ್. ಇದು ಕಂಪ್ಯೂಟರ್ ಮಾದರಿಯ ಲೆಕ್ಕ. ಓಝೋನ್ ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುತ್ತದೆ. ಹೊಗೆ ಕಾಣುವುದಿಲ್ಲ, ವಾಸನೆ ಬರುವುದಿಲ್ಲ, ರೈತ ಗೊಬ್ಬರವನ್ನೋ ಬೀಜವನ್ನೋ ದೂರುತ್ತಾನೆ.

ಓಝೋನ್ ಹೆಚ್ಚುವುದು ನಗರದ ಆಚೆ, ನಮ್ಮ ಅಳತೆ ಕೇಂದ್ರಗಳು ಬಹುಪಾಲು ಇರುವುದು ನಗರದ ಒಳಗೆ. ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳ ಆವರಣದಲ್ಲಿ ಮಳೆ, ಗಾಳಿ, ಬಿಸಿಲು ಅಳೆಯುವ ಪುಟ್ಟ ಅಂಗಳಗಳು ಆಗಲೇ ಇವೆ, ಬೇಲಿ ಇದೆ, ಕರೆಂಟ್ ಇದೆ, ನೋಡಿಕೊಳ್ಳುವ ಜನರೂ ಇದ್ದಾರೆ. ಅಲ್ಲಿ ಒಂದೊಂದು ಓಝೋನ್ ಅನಲೈಸರ್ ಕೂರಿಸಿ ಎಂದು ಆ ವಿಶ್ವವಿದ್ಯಾಲಯಗಳಲ್ಲಿ ದುಡಿಯುವವರನ್ನೂ ಬಜೆಟ್ ಬರೆಯುವವರನ್ನೂ ಕೇಳಿಕೊಳ್ಳುತ್ತೇನೆ. ಪೈಪ್ ಹಾಕಲು ನಮ್ಮ ಹುಡುಗರು ಬರುತ್ತಾರೆ, ಏಣಿ ನಮ್ಮ ಹತ್ತಿರವೇ ಇದೆ.